ಇಪ್ಪತ್ತಕ್ಕೆ ಹದಿನೆಂಟು

ಮಾರ್ಚ್ 4, ಸೋಮವಾರ. ಬೆಳಗ್ಗೆ 10.40

ಇವತ್ತು ಹದಿಮೂರು. ನಿನ್ನೆ ಹದಿನಾಲ್ಕು, ಮೊನ್ನೆ ಹನ್ನೊಂದು. ಎಲ್ಲ ಇಪ್ಪತ್ತಕ್ಕೆ.

ವಾರ, ತಾರೀಕು — ಹೆಂಡತಿ ಎರಡೂ ಸರಿ ಹೇಳಿದಳು. ತಿಂಗಳುಗಳನ್ನು ಹಿಂದಿನಿಂದ ಹೇಳು ಅಂದರೆ ಆಗಸ್ಟ್ ತನಕ ಚೆನ್ನಾಗಿ ಬಂದಳು, ಅಲ್ಲಿಂದ ಸೀದಾ ಮೇ ತಿಂಗಳಿಗೆ ಹಾರಿದಳು. ನೂರರಿಂದ ಏಳೇಳು ಕಳೆಯುವ ಲೆಕ್ಕ... ತೊಂಬತ್ತಮೂರು, ಎಂಬತ್ತಾರು, ಆಮೇಲೆ "ಟೀ ಆರ್ತಾ ಇದೆ, ಕುಡೀರಿ". ಅದಕ್ಕೆ ಮಾರ್ಕ್ಸ್ ಇಲ್ಲ. ತಟ್ಟೆಯ ಮೇಲೆ ಏಳು ವಸ್ತು ಇಟ್ಟು, ಒಂದು ನಿಮಿಷ ತೋರಿಸಿ, ಟವೆಲ್ ಮುಚ್ಚಿದೆ. ನಾಲ್ಕು ಹೇಳಿದಳು. ಕತ್ತರಿ, ಬೀಗ, ನನ್ನ ಕನ್ನಡಕ ಬಿಟ್ಟುಹೋಯಿತು. ಕನ್ನಡಕ ಟವೆಲ್ಲಿನ ಕೆಳಗಿದೆ ಎಂಬುದನ್ನು ನಾನೂ ಮರೆತು, ಮಾರ್ಕ್ಸ್ ಬರೆಯಲು ಮೇಜೆಲ್ಲ ತಡಕಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಫೆಬ್ರವರಿಯಲ್ಲಿ ಮೂರು ಸಲ ನೀರೇ ಇಲ್ಲದ ಕೆಟಲ್ಲನ್ನು ಸ್ಟವ್ ಮೇಲಿಟ್ಟಳು. ಮಗಳ ಮನೆ ಎರಡೇ ಸ್ಟಾಪ್ ದೂರ, ಅಲ್ಲಿಗೆ ಹೋಗಲು ದಾರಿ ತಿಳಿಯದೆ ವಾಪಸ್ ಬಂದಳು. ಡಾಕ್ಟರ್ ಎರಡು ಮಾತು ಹೇಳಿದರು. ಒಂದು, ದೊಡ್ಡಾಸ್ಪತ್ರೆಯಲ್ಲಿ ತೋರಿಸಿ — ಚೀಟಿ ಬರೆದುಕೊಟ್ಟರು. ಎರಡು, ಮೆದುಳಿಗೆ ದಿನಾ ಕೆಲಸ ಕೊಡಿ. ಚೀಟಿಯನ್ನು ಡ್ರಾಯರಿಗೆ ಹಾಕಿದೆ. ಎರಡನೆಯದನ್ನು ಹಿಡಿದುಕೊಂಡೆ. ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಅಂಗಡಿ ಅಂಗಡಿಯ ತಕ್ಕಡಿ ಪರೀಕ್ಷೆ ಮಾಡಿದವನು ನಾನು. ವಾಲಿದ ತಕ್ಕಡಿಯನ್ನು ಸರಿ ಮಾಡಬಹುದು. ದಿನಾ ನೋಡಿಕೊಳ್ಳಬೇಕು, ಅಷ್ಟೇ.

ಇವಳ ತಲೆಯಿಂದ ಒಂದು ಕಾಳೂ ಉದುರಲು ಬಿಡುವುದಿಲ್ಲ.

ಮಾರ್ಚ್ 9, ಶನಿವಾರ. ರಾತ್ರಿ

ಪೇಪರಿನಲ್ಲಿ ಬಂದಿತ್ತು — ಎಡಗೈಯಲ್ಲಿ ಕೆಲಸ ಮಾಡಿದರೆ ಮೆದುಳಿನ ಇನ್ನೊಂದು ಭಾಗ ಎಚ್ಚರವಾಗುತ್ತದಂತೆ. ಇಬ್ಬರೂ ಶುರು ಮಾಡಿದೆವು. ಅವಳು ಎಡಗೈಯಲ್ಲಿ ಹಲ್ಲುಜ್ಜಿದಳು. ನಾನು ಎಡಗೈಯಲ್ಲಿ ಗಡ್ಡ ಹೆರೆದೆ. ಗಲ್ಲದಲ್ಲಿ ಎರಡು ಕಡೆ ರಕ್ತ. ಹತ್ತಿ ಒತ್ತುತ್ತಾ, "ಇದು ನನ್ನ ಬುದ್ಧಿ ಹೆಚ್ಚೋಕೋ, ನಿಮ್ಮ ಬುದ್ಧಿ ಎಷ್ಟಿದೆ ಅಂತ ತೋರಿಸೋಕೋ?" ಅಂದಳು. ಇಂಥ ಮಾತಿಗೆ ಎಷ್ಟು ಮಾರ್ಕ್ಸ್ ಕೊಡಬೇಕು ಎಂದು ಆ ಲೇಖನ ಬರೆದವನು ಹೇಳಿಲ್ಲ.

ಸಂಜೆ ಹಳೆಯ ಫೋನ್ ನಂಬರುಗಳು. ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ ಆಪರೇಟರ್ ಆಗಿದ್ದವಳು. ಫೈರ್ ಸ್ಟೇಷನ್, ಹೆರಿಗೆ ಆಸ್ಪತ್ರೆ, ಮರದ ಡಿಪೋ, ನಮ್ಮ ಇಲಾಖೆ... ಕಣ್ಣು ಮುಚ್ಚಿ ನಲವತ್ತೊಂದು ನಂಬರ್ ಹೇಳಿದಳು, ನೀರು ಕುಡಿದಷ್ಟು ಸಲೀಸಾಗಿ. ನಾನು ಬರೆದುಕೊಳ್ಳುತ್ತಾ ಸುಸ್ತಾದೆ. ಆಮೇಲೆ, ಮಗಳು ಫೋನ್ ಮಾಡಿದ್ಲಾ ಅಂತ ಕೇಳಿದಳು. ಮಾಡಿದ್ದಳು, ಇವಳೇ ಮಾತಾಡಿದ್ದಳು. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದಳು. ಮತ್ತೆ.

ಮಾರ್ಚ್ 17, ಭಾನುವಾರ. ಮಧ್ಯಾಹ್ನ 3

ಮಗಳು ಬಂದಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಮನೆಗೆ ಬಂದರೂ ಎಲ್ಲರ ಮೂಳೆ ಕಾಣುವ ಹಾಗೇ ನೋಡುತ್ತಾಳೆ.

"ಅಪ್ಪ, ಅಮ್ಮನ್ನ ಮೇಜಿನ ಮುಂದೆ ಕೂರಿಸ್ಕೊಂಡು ಇದೇನು ನಿಂದು? ಡಾಕ್ಟ್ರು ಚೀಟಿ ಕೊಟ್ಟಿದಾರಲ್ಲ, ಕರ್ಕೊಂಡ್ ಹೋಗು."

"ಒಂದೆರಡು ತಿಂಗಳು ನೋಡೋಣ. ಅಭ್ಯಾಸ ಮಾಡಿಸ್ತಿದೀನಿ. ಸರಿಹೋಗ್ತಾಳೆ."

"ಅಮ್ಮ ತಕ್ಕಡಿ ಅಲ್ಲಪ್ಪ."

ಮೈಯೆಲ್ಲ ಉರಿಯಿತು. ಅಪ್ಪನಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆಯಾ ಅಂದೆ. ಅವಳು ಬ್ಯಾಗ್ ತಗೊಂಡು ಹೊರಟಳು. ಇವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಆಮೇಲೆ ಬಂದು ಪಕ್ಕದಲ್ಲಿ ಕೂತು, "ನಾನು ಚೆನ್ನಾಗಿ ಮಾಡ್ತೀನಿ ರೀ, ನೀವಿಬ್ರೂ ಜಗಳ ಆಡ್ಬೇಡಿ" ಅಂದಳು.

ನಿಜ ಹೇಳಬೇಕೆಂದರೆ ದೊಡ್ಡಾಸ್ಪತ್ರೆಗೆ ಹೋಗಲು ಭಯ. ಅಲ್ಲಿ ಅವರು ಒಂದು ಹೆಸರು ಹೇಳುತ್ತಾರೆ. ಹೇಳಿದ ಮೇಲೆ ಅದನ್ನು ಮನೆಗೆ ತರಬೇಕು.

ಏಪ್ರಿಲ್ 2, ಮಂಗಳವಾರ. ಮಧ್ಯಾಹ್ನ 3

ಒಂಬತ್ತು.

ತಟ್ಟೆಯ ಏಳು ವಸ್ತುವಿನಲ್ಲಿ ಎರಡೇ. ಇವತ್ತು ದನಿ ಏರಿಸಿದೆ. "ನೀನು ಮನಸ್ಸು ಕೊಡ್ತಿಲ್ಲ, ಅಷ್ಟೇ. ನಲವತ್ತು ನಂಬರ್ ನೆನಪಿರತ್ತೆ, ಕಣ್ಮುಂದೆ ಇಟ್ಟ ಚಮಚ ನೆನಪಿರಲ್ವಾ?" ಸ್ವೆಟರಿನ ತೋಳಿನ ತುದಿ ಹಿಂಡುತ್ತಾ, "ಹೇಳ್ತೀನಿ ರೀ, ಹೇಳ್ತೀನಿ, ಸ್ವಲ್ಪ ತಾಳಿ" ಅಂದಳು. ತಾಳಿದೆ. ಹೇಳಲಿಲ್ಲ.

ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಅವಳೂ ತಟ್ಟೆ ಮುಂದೆ ಸುಮ್ಮನೆ ಕೂತಿದ್ದಳು.

ಇನ್ನು ಮೇಲೆ ಕ್ರಮವಾಗಿ ಮಾಡಬೇಕು. ಪ್ರತಿ ಭಾನುವಾರ ಇಡೀ ವಾರದ ಪ್ರಶ್ನೆಗಳನ್ನು ನೀಲಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಯಾವ ದಿನ ಯಾವ ಏಳು ವಸ್ತು ಎಂಬುದೂ ಅದರಲ್ಲೇ. ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ಪರೀಕ್ಷೆ. ಇಲಾಖೆಯ ಅಭ್ಯಾಸ, ಹೋಗುವುದಿಲ್ಲ.

ಏಪ್ರಿಲ್ 15, ಸೋಮವಾರ

ಹದಿನೈದು! ತಿಂಗಳುಗಳು ಹಿಂದಿನಿಂದ, ಒಂದೂ ತಪ್ಪಿಲ್ಲ.

ಕೆಳಗಿನ ಮನೆಯ ಟೈಲರಮ್ಮನ ಹತ್ತಿರ ದಿನಾ ಒಂಬತ್ತಕ್ಕೆ ಹೋಗುತ್ತಿದ್ದಾಳೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೊರಟಿರುತ್ತಾಳೆ, ಹತ್ತಕ್ಕೆ ಐದು ನಿಮಿಷ ಇರುವಾಗ ವಾಪಸ್. "ಗುಂಡಿಗೆ ಕಾಜಾ ಹಾಕೋದು ಕಲೀತಿದೀನಿ" ಅಂದಳು. ಹೊಸ ಕೆಲಸ ಕಲಿಯುವುದು ಮೆದುಳಿಗೆ ಒಳ್ಳೆಯದು ಅಂತ ಪೇಪರಿನಲ್ಲೂ ಇತ್ತು. ನಾನು ಹೇಳದೆ ತಾನಾಗೇ ಶುರು ಮಾಡಿದ್ದಾಳೆ. ತುಂಬಾ ಖುಷಿಯಾಯಿತು.

ಮೇ 6, ಸೋಮವಾರ. 10.30

ಇಪ್ಪತ್ತಕ್ಕೆ ಹದಿನೆಂಟು. ಇಪ್ಪತ್ತಕ್ಕೆ ಹದಿನೆಂಟು!

ಏಳು ವಸ್ತುವೂ ಹೇಳಿದಳು. ತಟ್ಟೆ ನೋಡದೇ ಹೇಳುವ ಹಾಗೆ, ಪಟಪಟ ಅಂತ. ಹೇಳಿ ಮುಗಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ಕಣ್ಣು ತುಂಬಿತು, ಕನ್ನಡಕ ಒರೆಸುವ ನೆಪ ಮಾಡಿದೆ. "ಸಂತೋಷ ಆಯ್ತಾ ರೀ?" ಅಂದಳು. ಆಯಿತು ಮಾರಾಯ್ತಿ, ಆಯಿತು.

ತಕ್ಷಣ ಮಗಳಿಗೆ ಫೋನ್. ಹದಿನೆಂಟು ಅಂದೆ. ಅವಳು ಬರೀ "ಸರಿ ಅಪ್ಪ" ಅಂದಳು. ಒಪ್ಪಿಕೊಳ್ಳಲು ಕಷ್ಟ, ಅಪ್ಪನ ಹಟವೇ ತಾನೇ ಅವಳಿಗೂ ಬಂದಿರುವುದು. ಡಾಕ್ಟರ ಚೀಟಿ ಡ್ರಾಯರಿನಲ್ಲೇ ಇರಲಿ.

ನಾಳೆಯಿಂದ ಬ್ರೆಡ್ಡು, ಹಾಲು ತರಲು ಒಬ್ಬಳೇ ಹೋಗಲಿ. ಹದಿನೆಂಟು ತೆಗೆದವಳ ಬೆನ್ನ ಹಿಂದೆ ನಾನು ಕಾವಲು ಹೋಗುವುದು ಅವಮಾನ.

ಮೇ 23, ಗುರುವಾರ

ಹದಿನೇಳು. ಟೈಲರಮ್ಮ ಇವಳ ಸ್ವೆಟರಿಗೆ ಒಳಗಡೆ ಒಂದು ಜೇಬು ಹೊಲಿದುಕೊಟ್ಟಿದ್ದಾಳೆ. ಕರ್ಚೀಫ್ ಇಡೋಕೆ ಅಂದಳು. ಅಚ್ಚುಕಟ್ಟಾದ ಕೆಲಸ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಇತ್ತೀಚೆಗೆ ಪರೀಕ್ಷೆಯ ಮಧ್ಯೆ ಎರಡು ಸಲ ಬಾತ್‌ರೂಮಿಗೆ ಹೋಗುತ್ತಾಳೆ. ವಯಸ್ಸು. ನಾನೂ ಹೋಗುತ್ತೇನೆ.

ಜೂನ್ 11, ಮಂಗಳವಾರ. ಸಂಜೆ 5

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಗ್ಗೆ ಟೈಲರಮ್ಮನ ಹತ್ತಿರದಿಂದ ಬೇಗ ಬಂದು, ಒಂಬತ್ತೂವರೆಗೆ ಬ್ರೆಡ್ ತರಲು ಹೋದಳು. ಹತ್ತಾಯಿತು, ಬರಲಿಲ್ಲ. ಎಂದೂ ಪರೀಕ್ಷೆಗೆ ತಡ ಮಾಡಿದವಳಲ್ಲ. ಹತ್ತೂವರೆಗೆ ಅಂಗಡಿಗೆ ಓಡಿದೆ. ಆಗಲೇ ಬ್ರೆಡ್ ತಗೊಂಡು ಹೋದರು ಅಂದರು. ಟೈಲರಮ್ಮ ಮಷಿನ್ ಬಿಟ್ಟು ಒಂದು ದಿಕ್ಕು ಹಿಡಿದಳು, ನಾನೊಂದು ದಿಕ್ಕು. ಮಗಳು ಡ್ಯೂಟಿಯಿಂದಲೇ ಬಂದಳು. ನಾನು ಬಸ್ ಸ್ಟಾಪಿನಲ್ಲಿ ನಿಂತು ಹೋಗುವ ಬರುವ ಪ್ರತಿಯೊಂದು ಮುಖ ನೋಡಿದೆ. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾಲ್ಕನೇ ನಂಬರ್ ಬಸ್ಸು ಬಂತು. ಕಿಟಕಿಯ ಪಕ್ಕ ಇವಳು, ತೊಡೆಯ ಮೇಲೆ ಬ್ರೆಡ್ಡು.

ಕಂಡಕ್ಟರ್ ಕೈ ಹಿಡಿದು ಇಳಿಸಿದ. "ಲಾಸ್ಟ್ ಸ್ಟಾಪಲ್ಲಿ ಕೂತಿದ್ರು ಸಾರ್. ಮನೆ ಎಲ್ಲಿ ಅಂದ್ರೆ ಗೊತ್ತಿಲ್ಲ. ಫೋನ್ ನಂಬರ್ ಕೇಳಿದ್ರೆ ನಲವತ್ತು ನಂಬರ್ ಹೇಳಿದ್ರು, ಒಂದೂ ಹತ್ಲಿಲ್ಲ. ಅದಕ್ಕೇ ಇದೇ ಬಸ್ಸಲ್ಲಿ ಕೂರಿಸ್ಕೊಂಡು ಪ್ರತಿ ಸ್ಟಾಪಲ್ಲೂ ಕೇಳ್ಕೊಂಡು ಬಂದೆ." ಆಮೇಲೆ ಒಂದು ಚೀಟಿ ಕೊಟ್ಟ. "ಅಡ್ರೆಸ್ ಇರಬೋದು ಅಂತ ಜೇಬಲ್ಲಿ ನೋಡ್ದೆ. ಇದು ಸಿಕ್ತು. ಅಂಗಡಿ ಲಿಸ್ಟಾ?"

ಮಂಗಳವಾರ. ಜೂನ್ 11. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ಡಿಸೆಂಬರ್, ನವೆಂಬರ್, ಅಕ್ಟೋಬರ್... ಮೇಣದಬತ್ತಿ, ಕತ್ತರಿ, ನಲ್ಲಿಯ ವಾಷರ್, ಚಮಚ, ಬೀಗ, ರಬ್ಬರ್, ಗುಂಡಿ.

ಇವತ್ತಿನ ಪ್ರಶ್ನೆಪತ್ರಿಕೆಯ ಉತ್ತರ. ಎಲ್ಲವೂ ಸರಿ. ಮನೆಯ ವಿಳಾಸ ಮಾತ್ರ ಇಲ್ಲ. ಅದನ್ನು ನಾನು ಎಂದೂ ಕೇಳಿರಲಿಲ್ಲ.

ಜೂನ್ 12, ಬುಧವಾರ. ಬೆಳಗ್ಗೆ 9.50

ಕೆಳಗಡೆ ಹೋಗಿ ಚೀಟಿ ತೋರಿಸಿದೆ. ಟೈಲರಮ್ಮ ಬಾಯಲ್ಲಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಬೈಯೋದಿದ್ರೆ ಬೈದ್ಬಿಡಿ ಅಣ್ಣ. ಅಕ್ಕ ಬಂದು ಇಲ್ಲಿ ಅಳ್ತಾ ಕೂತ್ಕೊಳ್ಳೋರು. ನಂಗೆ ಮಾರ್ಕ್ಸ್ ಕಮ್ಮಿ ಬಂದ್ರೆ ಅವರು ಊಟ ಬಿಡ್ತಾರೆ ಅಂತ. ಮರೆತು ಹೋಗತ್ತೆ ಅನ್ನೋದಕ್ಕಿಂತ ಅದೇ ದೊಡ್ಡ ಚಿಂತೆ ಅವರಿಗೆ. ನಾನೇನು ಮಾಡ್ಲಿ? ನೀವು ಸ್ನಾನಕ್ಕೆ ಹೋದಾಗ ನಿಮ್ಮ ನೀಲಿ ಪುಸ್ತಕ ನೋಡ್ಕೊಂಡು ಬರ್ಕೊಂಡು ಬರೋರು, ನಾನು ಓದಿಸ್ತಿದ್ದೆ. ಒಂದು ತಿಂಗಳಿಂದ ಬರ್ಯೋಕೂ ಆಗ್ತಿಲ್ಲ. ಪುಸ್ತಕಾನೇ ಸ್ವೆಟರ್ ಒಳಗೆ ಇಟ್ಕೊಂಡು ತರ್ತಾರೆ. ನಾನೇ ಬರ್ದುಕೊಡ್ತೀನಿ."

ಹಾಗಾದರೆ ಕಾಜಾ?

"ಒಂದೂ ಹಾಕಿಲ್ಲ ಅಣ್ಣ."

ಇಲಾಖೆಯಲ್ಲಿ ನನಗೆ ಒಂದು ಹೆಸರಿತ್ತು. ಹೇಳದೆ ಕೇಳದೆ ಬರುವ ಇನ್ಸ್‌ಪೆಕ್ಟರ್. ಇಂಥ ದಿನ ಬರುತ್ತೇನೆ ಅಂತ ಗೊತ್ತಾದರೆ ಎಂಥ ಕಳ್ಳನ ಅಂಗಡಿಯಲ್ಲೂ ಸರಿಯಾದ ತೂಕದ ಬಟ್ಟು ಹೊರಗೆ ಬರುತ್ತದೆ, ಆ ದಿನದ ತೂಕ ತೂಕವೇ ಅಲ್ಲ. ಹೊಸದಾಗಿ ಸೇರಿದ ಹುಡುಗರಿಗೆಲ್ಲ ಇದನ್ನೇ ಮೊದಲು ಹೇಳಿಕೊಡುತ್ತಿದ್ದೆ. ಒಬ್ಬ ವ್ಯಾಪಾರಿಯೂ ನನ್ನ ಕಣ್ಣಿಗೆ ಮಣ್ಣೆರಚಿದ್ದಿಲ್ಲ. ಮನೆಯಲ್ಲಿ ಮಾತ್ರ ದಿನಾ ಹತ್ತಕ್ಕೆ ಸರಿಯಾಗಿ ಪರೀಕ್ಷೆ ಇಟ್ಟೆ, ಪ್ರಶ್ನೆಗಳನ್ನು ಬೀಗವಿಲ್ಲದ ಡ್ರಾಯರಿನಲ್ಲಿಟ್ಟೆ. ಹದಿನೆಂಟು ಬಂದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಕೆಗೆ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ಟೈಲರಮ್ಮ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು ಒಳಗೆ ಹೋದಳು.

ಜುಲೈ 30, ಮಂಗಳವಾರ. ಮಧ್ಯಾಹ್ನ

ದೊಡ್ಡಾಸ್ಪತ್ರೆ. ಸ್ಕ್ಯಾನು, ರಕ್ತ, ಪ್ರಶ್ನೆಗಳು. ಅಲ್ಲಿಯ ಪ್ರಶ್ನೆಗಳೂ ನನ್ನವೇ — ವಾರ, ತಾರೀಕು, ನೂರರಿಂದ ಏಳು. ಉತ್ತರ ಹುಡುಕಲು ಕೈ ಸ್ವೆಟರಿನ ಒಳಗೆ ಹೋಯಿತು. ಜೇಬು ಖಾಲಿ. ನನ್ನನ್ನು ನೋಡಿದಳು. ಆ ನೋಟವನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಹೆಸರು ಹೇಳಿದರು. ಮನೆಗೆ ತಂದೆವು.

"ಮಾರ್ಚಲ್ಲೇ ಬಂದಿದ್ದರೆ?" ಅಂತ ಕೇಳಿದೆ. ಆ ಡಾಕ್ಟರಿಗೆ ನನ್ನ ಮಗಳ ವಯಸ್ಸು. ಸುಳ್ಳು ಹೇಳಲು ಬರುವುದಿಲ್ಲ ಪಾಪ. "ನಿಲ್ಸೋಕೆ ಆಗ್ತಿರ್ಲಿಲ್ಲ. ಔಷಧಿ ಬೇಗ ಶುರು ಮಾಡಿದ್ರೆ ಕೆಲವರಿಗೆ ಒಂದಷ್ಟು ತಿಂಗಳು ಸಿಗತ್ತೆ. ಎಲ್ಲರಿಗೂ ಅಲ್ಲ."

ಒಂದಷ್ಟು ತಿಂಗಳು. ಬಸ್ಸಿನಲ್ಲಿ ಮಗಳು ಅಮ್ಮನ ಕೈ ಹಿಡಿದುಕೊಂಡು ಕೂತಿದ್ದಳು. ನನಗೆ ಒಂದು ಮಾತೂ ಅನ್ನಲಿಲ್ಲ. ನಾಲ್ಕು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಗಸ್ಟ್ 18, ಭಾನುವಾರ. 10.20

ಪರೀಕ್ಷೆ ನಿಲ್ಲಿಸಿ ಎರಡು ತಿಂಗಳು. ನೀಲಿ ನೋಟ್‌ಬುಕ್ ಹರಿದು ಹಾಕಿದೆ. ಆದರೂ ದಿನಾ ಹತ್ತಕ್ಕೆ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾಳೆ, ಕೈ ಮಡಿಚಿ. ತಲೆ ಬಾಚಿಕೊಂಡಿರುತ್ತಾಳೆ.

"ಇವತ್ತು ಪರೀಕ್ಷೆ ಇಲ್ಲ ಕಣೇ."

"ಯಾಕೆ? ನಾನೇನು ತಪ್ಪು ಮಾಡ್ದೆ?"

"ಏನೂ ಮಾಡಿಲ್ಲ. ರಜೆ."

"ನೀವು ನನ್ನ ಕೈ ಬಿಟ್ರಿ ಅಲ್ವಾ?"

ಏನು ಮಾಡಲಿ? ಕೇಳಿದರೆ ಭಯ, ಕೇಳದಿದ್ದರೂ ಭಯ. ಈ ಟೀ ಕಪ್ ಯಾವ ಬಣ್ಣ ಹೇಳು ಅಂದೆ. ಬಿಳಿ ಅಂದಳು. ಕಿಟಕಿ ಎಷ್ಟು? ಎರಡು. ಇಪ್ಪತ್ತಕ್ಕೆ ಇಪ್ಪತ್ತು ಅಂದೆ. ಮುಖ ಸಪ್ಪೆ ಮಾಡಿಕೊಂಡು, "ಸುಮ್ನೆ ಕೊಡ್ತಿದೀರಿ" ಅಂದಳು. ಅಷ್ಟು ಗೊತ್ತಾಗುತ್ತದೆ ಇನ್ನೂ. ನನ್ನ ಮೋಸ ಹಿಡಿಯುವಷ್ಟು.

ಫೆಬ್ರವರಿ 10, ಸೋಮವಾರ. ಹೊಸ ಡೈರಿ

ಐದಾರು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಹೆಚ್ಚಾಗಿರಲಿಲ್ಲ, ಎಲ್ಲ ಕಡಿಮೆಯಾಗುತ್ತಿತ್ತು.

ಮಗಳು ವಾರಕ್ಕೆ ಮೂರು ದಿನ ಇಲ್ಲೇ ಇರುತ್ತಾಳೆ. ಅಮ್ಮನಿಗೆ ಸ್ನಾನ ಅವಳೇ ಮಾಡಿಸುತ್ತಾಳೆ. ಇವಳು ಅವಳನ್ನು ಎಕ್ಸ್‌ಚೇಂಜಿನ ಸೂಪರ್‌ವೈಸರ್ ಅಂದುಕೊಂಡಿದ್ದಾಳೆ. "ಮೇಡಂ, ನಾಳೆ ನನ್ನ ಶಿಫ್ಟ್ ಬದಲಾಯಿಸ್ತೀರಾ, ಮಗೂಗೆ ಜ್ವರ" ಅಂದಳು. ಆ ಮಗುವೇ ಟವೆಲ್ಲಿನಲ್ಲಿ ತಲೆ ಒರೆಸುತ್ತಾ, "ಆಯ್ತು, ಹೋಗಿ ಮಗೂನ ನೋಡ್ಕೊಳ್ಳಿ" ಅಂತು. ಆಮೇಲೆ ಬಾಲ್ಕನಿಗೆ ಹೋಗಿ ತುಂಬಾ ಹೊತ್ತು ನಿಂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಮಾರ್ಚಿನಿಂದ ನಮ್ಮಿಬ್ಬರ ಮಧ್ಯೆ ಇದ್ದದ್ದು ಅಲ್ಲಿ ಮುಗಿಯಿತು ಅನ್ನಿಸಿತು.

ಜೂನ್ 3, ಮಂಗಳವಾರ. ಮಧ್ಯಾಹ್ನ 4

ಇವತ್ತು ಒಳ್ಳೆಯ ದಿನ. ಊಟ ಪೂರ್ತಿ ಮಾಡಿದಳು. ಕಿಟಕಿಯ ಹತ್ತಿರ ಕೂತು, "ಎಷ್ಟು ಸೊರಗಿದೀರಿ ರೀ" ಅಂದಳು. ಈಗಲೇ ಕೇಳಿಬಿಡಬೇಕು ಅನ್ನಿಸಿತು, ಮತ್ತೆ ಇಂಥ ಗಳಿಗೆ ಬರುತ್ತೋ ಇಲ್ಲವೋ. ಎರಡೂ ಕೈ ಹಿಡಿದುಕೊಂಡು ಹೇಳಿದೆ — "ಆ ಪರೀಕ್ಷೆಗಳಿಂದ ನಿಂಗೆ ತುಂಬಾ ಹಿಂಸೆ ಕೊಟ್ಟೆ. ತಪ್ಪಾಯ್ತು. ಕ್ಷಮಿಸು."

ನನ್ನ ಕೆನ್ನೆ ಮುಟ್ಟಿ, "ಯಾವ ಪರೀಕ್ಷೆ? ಯಾರು ಏನಂದ್ರು ನಿಮಗೆ? ಅಳ್ಬೇಡಿ" ಅಂದಳು.

ಕ್ಷಮಿಸಬೇಕಾದವಳಿಗೆ ತಪ್ಪೇ ನೆನಪಿಲ್ಲ. ನನಗೆ ಮಾತ್ರ ಒಂದೊಂದು ದಿನದ ಮಾರ್ಕ್ಸೂ ನೆನಪಿದೆ. ಏಪ್ರಿಲ್ ಎರಡು, ಒಂಬತ್ತು. ಏಪ್ರಿಲ್ ಹದಿನೈದು, ಹದಿನೈದು.

ನವೆಂಬರ್ 18, ಮಂಗಳವಾರ. ಬೆಳಗ್ಗೆ 10.25

ಇವತ್ತೂ ಹತ್ತಕ್ಕೆ ಬಂದು ಕೂತಳು. ಮಗಳು ಡ್ಯೂಟಿಗೆ ಹೋಗಿದ್ದಾಳೆ, ಮನೆಯಲ್ಲಿ ನಾವಿಬ್ಬರೇ. ತುಂಬಾ ಹೊತ್ತು ಮೇಜು ನೋಡಿದಳು. ಆಮೇಲೆ ತಲೆಯೆತ್ತಿ,

"ಸಾರ್, ಇವತ್ತೊಂದಿನ ಬಿಟ್ಬಿಡ್ತೀರಾ? ನಂಗೆ ಏನೂ ಬರ್ತಿಲ್ಲ."

ಹಿಂದೆ ಯಾರಾದರೂ ಬಂದಿದ್ದಾರಾ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಪರೀಕ್ಷೆ ಇಲ್ಲ ಇವತ್ತು" ಅಂದೆ.

"ಹಾಗಾದ್ರೆ ಮನೆಗೆ ಹೋಗ್ಲಾ ಸಾರ್? ನಮ್ಮನೆಯವರು ಕರ್ಕೊಂಡು ಹೋಗೋಕೆ ಬರ್ತಾರೆ."

ಕೇಳಬಾರದಿತ್ತು. ಕೇಳಿ ಕೇಳಿ ಕೆಟ್ಟ ಬಾಯಿ ಇದು. "ನಿಮ್ಮನೆಯವರು... ಹೇಗೆ?"

ಮುಖ ಅರಳಿತು. "ಒಳ್ಳೆಯವರು ಸಾರ್. ಸ್ವಲ್ಪ ಮುಂಗೋಪ. ಆದ್ರೆ ನನ್ನ ಒಂದಿನಾನೂ ಹೆದರ್ಸಿಲ್ಲ." ಆಮೇಲೆ ಮೇಜಿನ ಮೇಲೆ ಬಾಗಿ, ಸಣ್ಣ ದನಿಯಲ್ಲಿ, "ಅವರಿಗೆ ಹೇಳ್ಬೇಡಿ ಸಾರ್, ನಂಗೆ ಏನೂ ಬರ್ಲಿಲ್ಲ ಅಂತ. ತುಂಬಾ ನೊಂದ್ಕೋತಾರೆ."

"ಹೇಳಲ್ಲ. ಪಾಸಾಗಿದೀರಿ ಅಂತೀನಿ."

"ನಿಮಗೆ ಪುಣ್ಯ ಬರತ್ತೆ."

ಕೋಟು ಹಾಕಿಕೊಂಡು ಮುಂಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಳೆ. ಗುಂಡಿ ಮೇಲೆ ಕೆಳಗೆ ಆಗಿದೆ. ಎರಡು ನಿಮಿಷಕ್ಕೊಮ್ಮೆ, "ಬಂದ್ರಾ ಸಾರ್?"

ಇನ್ನೇನು ಬರ್ತಾರೆ ಅಂದಿದ್ದೇನೆ.

ಒಂದು ಯೋಚನೆ ಬಂದಿದೆ. ಹುಚ್ಚು ಅನ್ನಬಹುದು ಯಾರಾದರೂ. ಅಡುಗೆಮನೆ ಕಡೆಯ ಮೆಟ್ಟಿಲು ಇಳಿದು, ಸುತ್ತಿಕೊಂಡು ಮುಂದಿನಿಂದ ಹತ್ತಿ ಬಂದು, ನಾನೇ ಬೆಲ್ ಮಾಡಿದರೆ? ಆಫೀಸಿನಿಂದ ಬಂದ ಗಂಡನ ಹಾಗೆ. ಎರಡು ನಿಮಿಷದ ಕೆಲಸ. ಆದರೆ ಬಾಗಿಲು ತೆಗೆದು ಮತ್ತೆ ಸಾರ್ ಅಂದುಬಿಟ್ಟರೆ... ಇದಕ್ಕೆ ಉತ್ತರ ಬರೆದುಕೊಡುವವರು ಯಾರೂ ಇಲ್ಲ. ದಿನಾ ಈ ಮೇಜಿನ ಮುಂದೆ ಕೂರುವಾಗ ಅವಳಿಗೂ ಹೀಗೇ ಆಗುತ್ತಿತ್ತೇನೋ.

ಮತ್ತೆ ಕೇಳುತ್ತಿದ್ದಾಳೆ. ಬಂದ್ರಾ ಅಂತ.

ಕೋಟು ಹಾಕಿಕೊಂಡೆ. ತಲೆ ಬಾಚಿಕೊಂಡೆ. ಹೋಗುತ್ತೇನೆ. ಬೆಲ್ ಕೇಳಿ ಅವಳು ಎದ್ದು ಬಾಗಿಲು ತೆಗೆದು, ನನ್ನ ಮುಖ ನೋಡಿ ಏನನ್ನುತ್ತಾಳೋ, ಬಂದು ಬರೆಯುತ್ತೇನೆ.